ಬೇರಲ್ಲಿ ಗಂಟಿಲ್ಲದ ಹುರುಳಿ ಮತ್ತು ಬೀಜದ ಲೆಕ್ಟಿನ್: ಹಾಸನದ ಒಂದು ಪ್ರಕರಣ ಅಧ್ಯಯನ

ಅರಸೀಕೆರೆ ಸೀಮೆಯಲ್ಲಿ ತೆಂಗಿನ ಸಾಲುಗಳ ನಡುವೆ ಹುರುಳಿ ಚೆಲ್ಲಿ, ಹೂ ಕಾಣುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸುವ ರೂಢಿ ಇದೆ. ಗೊಬ್ಬರಕ್ಕೆ ಗೊಬ್ಬರವೂ ಆಯಿತು, ನೆಲಕ್ಕೆ ಹೊದಿಕೆಯೂ ಆಯಿತು. ಈ ಪ್ರಕರಣ ಶುರುವಾದದ್ದು ಅಂಥದೊಂದು ತೋಟದಲ್ಲಿ. ಹಾಸನದ ಪದವಿ ಕಾಲೇಜೊಂದರಲ್ಲಿ ಅಂತಿಮ ವರ್ಷ ಓದುತ್ತಿದ್ದ ವಿದ್ಯಾರ್ಥಿನಿಯ ಮನೆಯ ತೋಟ ಅದು. ಅವಳ ಪ್ರಾಜೆಕ್ಟಿಗೆ ನಾನು ಮಾರ್ಗದರ್ಶಿ. ಊರು, ಕಾಲೇಜು, ಮನೆತನ ಯಾವುದರ ಗುರುತೂ ಸಿಗದಂತೆ ಸಣ್ಣಪುಟ್ಟ ವಿವರಗಳನ್ನು ಬದಲಿಸಿದ್ದೇನೆ. ಪ್ರಯೋಗ ಸಾಗಿದ ಹಾದಿಯನ್ನು ಮಾತ್ರ ಹಾಗೆಯೇ ಇಟ್ಟಿದ್ದೇನೆ.

ಅವಳ ತಂದೆ ಆ ವರ್ಷ ಹುರುಳಿ ಗಿಡ ಕಿತ್ತು ಬೇರು ನೋಡಿದ್ದರು. ರೈತ ತರಬೇತಿಯೊಂದರಲ್ಲಿ ‘ಬೇರಿನಲ್ಲಿ ಗಂಟು ಇದ್ದರೆ ಮಾತ್ರ ಗಾಳಿಯ ಸಾರಜನಕ ಮಣ್ಣಿಗೆ ಬರುತ್ತದೆ’ ಎಂದು ಕೇಳಿ ಬಂದಿದ್ದರು. ಕಿತ್ತ ಗಿಡಗಳ ಬೇರು ನುಣ್ಣಗಿತ್ತು. ಹುಡುಕಿದರೆ ಅಲ್ಲೊಂದು ಇಲ್ಲೊಂದು ಸಾಸಿವೆ ಕಾಳಿಗಿಂತ ಚಿಕ್ಕ ಗಂಟು, ಅಷ್ಟೆ. ಬೀಜ ಮನೆಯದೇ. ಬೂದಿ ಬೆರೆಸಿ ಮಡಕೆಯಲ್ಲಿ ಮುಚ್ಚಿಟ್ಟಿದ್ದು, ಒಂದೆರಡು ವರ್ಷ ಹಳೆಯದು. ಬೀಜ ಮುಪ್ಪಾಗಿರಬೇಕು ಎಂದು ಅವರು ಅಂದುಕೊಂಡರು.

ಮಗಳು ಅದೇ ವರ್ಷ ಪಾಠದಲ್ಲಿ ಲೆಕ್ಟಿನ್ ಬಗ್ಗೆ ಓದಿದ್ದಳು. ಸಕ್ಕರೆಯ ಅಣುಗಳನ್ನು ಗುರುತಿಸಿ ಹಿಡಿದುಕೊಳ್ಳುವ ಪ್ರೋಟೀನು ಇದು. ದ್ವಿದಳ ಧಾನ್ಯಗಳ ಬೀಜದಲ್ಲಿ ಹೇರಳವಾಗಿರುತ್ತದೆ. ಕೆಲವು ಕಾಳುಗಳಲ್ಲಿ ಒಟ್ಟು ಪ್ರೋಟೀನಿನ ಶೇ. 10ರವರೆಗೂ ಇರುವುದುಂಟು. ದ್ವಿದಳ ಗಿಡದ ಬೇರಿನಲ್ಲಿ ಗಂಟು ಕಟ್ಟಿಸಿ ಗಾಳಿಯ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ ರೈಜೋಬಿಯಂ. ಬೇರು ತನಗೆ ಬೇಕಾದ ರೈಜೋಬಿಯಂ ಅನ್ನು ಅದರ ಮೈಮೇಲಿನ ಸಕ್ಕರೆಯಿಂದ ಗುರುತಿಸುತ್ತದೆ, ಗುರುತಿಸುವುದು ಲೆಕ್ಟಿನ್ ಎಂಬ ವಾದವನ್ನೂ ಅವಳು ಓದಿದ್ದಳು. ಎರಡನ್ನೂ ಕೂಡಿಸಿ ಒಂದು ಪ್ರಶ್ನೆ ಮಾಡಿಕೊಂಡು ಬಂದಳು. ಹಳೆಯ ಬೀಜದಲ್ಲಿ ಲೆಕ್ಟಿನ್ ಕೆಟ್ಟುಹೋಗಿ, ಸಸಿಯ ಬೇರು ರೈಜೋಬಿಯಂ ಅನ್ನು ಗುರುತಿಸಲಾರದೆ, ಅದರಿಂದಲೇ ಗಂಟು ಕಟ್ಟದೆ ಹೋಗಿರಬಹುದೇ?

ಪ್ರಶ್ನೆ ಚೆನ್ನಾಗಿತ್ತು. ಮನೆಯ ಹೊಲದಿಂದ ಹುಟ್ಟಿದ ಪ್ರಶ್ನೆಯನ್ನು ಪ್ರಯೋಗಶಾಲೆಗೆ ತರುವ ಮಕ್ಕಳು ಕಡಿಮೆ. ಉತ್ತರ ಏನೇ ಬರಲಿ, ಈ ಪ್ರಾಜೆಕ್ಟ್ ನಡೆಯಬೇಕು ಅನ್ನಿಸಿತು.

ವಾದದ ಹಿಂದಿನ ಕಥೆ

ಪ್ರಯೋಗಕ್ಕೆ ಕೈ ಹಾಕುವ ಮೊದಲು ಆ ವಾದ ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ಕೂತು ಓದಿದೆವು. ಲೆಕ್ಟಿನ್‌ಗಳ ಇತಿಹಾಸ 1888ಕ್ಕೆ ಹೋಗುತ್ತದೆ. ಹರಳು ಬೀಜದ ಸಾರ ರಕ್ತದ ಕಣಗಳನ್ನು ಗುಂಪುಗಟ್ಟಿಸುತ್ತದೆ ಎಂದು ಸ್ಟಿಲ್‌ಮಾರ್ಕ್ ಎಂಬ ಸಂಶೋಧಕ ಆಗ ತೋರಿಸಿದ. ಬೇರುಗಂಟಿನ ಜತೆ ಅವುಗಳ ನಂಟು ಚರ್ಚೆಗೆ ಬಂದದ್ದು 1970ರ ದಶಕದಲ್ಲಿ. 1974ರಲ್ಲಿ ಬೊಹ್ಲೂಲ್ ಮತ್ತು ಶ್ಮಿಟ್ ಸೋಯಾ ಅವರೆಯ ಲೆಕ್ಟಿನ್ ಸೋಯಾದ ರೈಜೋಬಿಯಂ ಬಗೆಗಳನ್ನೇ ಆರಿಸಿ ಹಿಡಿಯುತ್ತದೆ ಎಂದು ವರದಿ ಮಾಡಿದರು. 1989ರಲ್ಲಿ ನೆದರ್ಲೆಂಡ್ಸಿನ ತಂಡವೊಂದು ಬಟಾಣಿಯ ಲೆಕ್ಟಿನ್ ಜೀನನ್ನು ಬಿಳಿ ಕ್ಲೋವರ್ ಎಂಬ ಇನ್ನೊಂದು ದ್ವಿದಳ ಗಿಡದ ಬೇರಿಗೆ ಸೇರಿಸಿದಾಗ, ಆ ಬೇರು ಬಟಾಣಿಯ ರೈಜೋಬಿಯಂನಿಂದಲೂ ಗಂಟು ಕಟ್ಟಿತು. ಇಷ್ಟೇ ಓದಿದವರಿಗೆ ವಿದ್ಯಾರ್ಥಿನಿಯ ಊಹೆ ಗಟ್ಟಿಯಾಗಿಯೇ ಕಾಣುತ್ತದೆ.

ಆದರೆ ಎದುರು ಸಾಕ್ಷ್ಯವೂ ಇದೆ. ಬೀಜದಲ್ಲಿ ಲೆಕ್ಟಿನ್ ಇಲ್ಲದ ಸೋಯಾ ತಳಿಗಳಿವೆ. ಅವು ಕೂಡ ಗಂಟು ಕಟ್ಟುತ್ತವೆ ಎಂದು 1978ರಲ್ಲೇ ಗೊತ್ತಾಯಿತು. ಅಂದಮೇಲೆ ಬೀಜದ ಲೆಕ್ಟಿನ್ ಇದ್ದರಷ್ಟೇ ಗಂಟು ಎನ್ನಲಾಗದು. ಇದನ್ನು ಮೊದಲೇ ಅವಳ ಮುಂದಿಟ್ಟೆ. ‘ಸೋಯಾ ಸೋಯಾನೇ, ಹುರುಳಿ ಹುರುಳಿನೇ, ಅಳೆದೇ ನೋಡೋಣ’ ಅಂದಳು. ಸರಿಯಾದ ಮಾತು.

ಮೊದಲ ಸುತ್ತು

ಅವಳೂ ಪ್ರಾಜೆಕ್ಟ್ ತಂಡದ ಸಹಪಾಠಿಗಳೂ ಎರಡು ಬೀಜ ತೆಗೆದುಕೊಂಡರು. ಒಂದು ಮನೆಯ ಹಳೆಯ ಹುರುಳಿ, ಇನ್ನೊಂದು ಅಕ್ಕಪಕ್ಕದ ಹೊಲದವರು ಆ ವರ್ಷವೇ ಬಡಿದ ಹೊಸ ಹುರುಳಿ. ಈ ಹೊಸ ಬೀಜವನ್ನೂ ಪಕ್ಕದಲ್ಲಿಟ್ಟುಕೊಂಡೇ ಅಳೆಯಬೇಕು ಎಂಬ ಹಟ ಮಾತ್ರ ನನ್ನದು. ಮುಂದೆ ಇಡೀ ಪ್ರಕರಣವನ್ನು ಕಾಪಾಡಿದ್ದು ಆ ಹೋಲಿಕೆ.

ಲೆಕ್ಟಿನ್ ಅಳೆಯಲು ಕಾಲೇಜು ಮಟ್ಟದಲ್ಲಿ ಇರುವ ದಾರಿ ರಕ್ತಕಣ ಗುಂಪುಗಟ್ಟುವ ಪರೀಕ್ಷೆ. ಹಿಟ್ಟನ್ನು ಉಪ್ಪುನೀರಿನಲ್ಲಿ, ಅಂದರೆ ಶೇ. 0.9ರ ಸಲೈನಿನಲ್ಲಿ, ರಾತ್ರಿಯಿಡೀ ಫ್ರಿಜ್‌ನಲ್ಲಿ ನೆನೆಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ತಿಳಿ ತೆಗೆಯುವುದು. ಸಣ್ಣ ಕುಳಿಗಳಿರುವ ಪ್ಲೇಟಿನಲ್ಲಿ ಅದನ್ನು ಸಾಲಾಗಿ ಅರ್ಧಕ್ಕರ್ಧ ತೆಳುವಾಗಿಸುತ್ತ ಹೋಗುವುದು. ಪ್ರತಿ ಕುಳಿಗೂ ತೊಳೆದ ಕೆಂಪುರಕ್ತಕಣ ಹಾಕಿ ಅಲುಗಾಡಿಸದೆ ಬಿಡುವುದು. ಲೆಕ್ಟಿನ್ ಇಲ್ಲದಿದ್ದರೆ ಕಣಗಳು ಜಾರಿ ತಳದ ನಡುವೆ ಅಚ್ಚುಕಟ್ಟಾದ ಕೆಂಪು ಬೊಟ್ಟಾಗಿ ಕೂರುತ್ತವೆ. ಇದ್ದರೆ ಒಂದಕ್ಕೊಂದು ಕೈಹಿಡಿದು ಕುಳಿಯ ತಳವಿಡೀ ತೆಳ್ಳಗೆ ಹರಡಿ ನಿಲ್ಲುತ್ತವೆ. ಎಷ್ಟು ತೆಳುವಾದರೂ ಹರಡಿದ್ದು ಕಾಣುತ್ತದೋ ಅಷ್ಟು ಲೆಕ್ಟಿನ್ ಬಲ.

ರಕ್ತಕ್ಕಾಗಿ ತಂಡದ ಒಬ್ಬ ಹುಡುಗ ಒಪ್ಪಿದ. ತರಬೇತಿ ಇರುವವರಿಂದಲೇ ತೆಗೆಸಿದೆವು. ಅವನದು ಒ ಗುಂಪು. ಇಡೀ ಹುರುಳಿಯನ್ನು ಸಿಪ್ಪೆ ಸಮೇತ ಬೀಸಿದ ಹಿಟ್ಟಿನ ಸಾರ ಹಾಕಿದಾಗ ಮೊದಲ ಕೆಲವು ಕುಳಿಗಳಲ್ಲಿ ಕಣಗಳು ಹರಡಿ ನಿಂತವು. ತಂಡಕ್ಕೆ ಸಂಭ್ರಮ. ಹಳೆಯದು, ಹೊಸದು ಎರಡೂ ಹೆಚ್ಚುಕಡಿಮೆ ಒಂದೇ. ಅಲ್ಲಿಗೇ ವರದಿ ಬರೆದುಬಿಡಬಹುದಿತ್ತು. ಆದರೆ ಹುರುಳಿ ಸಿಪ್ಪೆಯಲ್ಲಿ ಟ್ಯಾನಿನ್ ಎಂಬ ಒಗರು ವಸ್ತು ಜಾಸ್ತಿ, ಕಂದು ಬಣ್ಣದ ಆ ಸಾರ ಲೆಕ್ಟಿನ್ ಇಲ್ಲದೆಯೂ ರಕ್ತಕಣಗಳನ್ನು ಅಂಟಿಸಬಲ್ಲದು. ಅದಕ್ಕೆ ಸಿಪ್ಪೆ ತೆಗೆದ ಬೇಳೆಯಿಂದ ಮತ್ತೆ ಮಾಡಿ ಎಂದೆ. ನೆನೆಸಿ, ಒಂದೊಂದೇ ಕಾಳಿನ ಸಿಪ್ಪೆ ಸುಲಿಯುವ ಕೆಲಸ ಬೇಸರದ್ದೇ. ಮಾಡಿದರು.

ಈ ಸಲ ಎಲ್ಲ ಕುಳಿಗಳಲ್ಲೂ ಅಚ್ಚುಕಟ್ಟಾದ ಬೊಟ್ಟು. ಹಳೆಯ ಬೀಜದಲ್ಲಿ ಲೆಕ್ಟಿನ್ ಇಲ್ಲ!

ಊಹೆ ನಿಜವಾಯಿತು ಎಂದು ಅವಳು ತಂದೆಗೆ ಫೋನ್ ಮಾಡುವುದರಲ್ಲಿದ್ದಳು. ಹೊಸ ಬೀಜದ ಸಾಲಿನಲ್ಲೂ ಬೊಟ್ಟೇ ಇದೆ ಎಂದು ಗಮನಿಸಿದ್ದು ರಕ್ತ ಕೊಟ್ಟ ಹುಡುಗ. ಕಳೆದ ತಿಂಗಳು ಬಡಿದ ಬೀಜದಲ್ಲೂ ಲೆಕ್ಟಿನ್ ಇಲ್ಲವೆಂದರೆ, ಪರೀಕ್ಷೆಯಲ್ಲೇ ಏನೋ ಕೊರತೆ ಇರಬೇಕು. ಬರೀ ಹಳೆಯ ಬೀಜವನ್ನು ಅಳೆದಿದ್ದರೆ ಈ ‘ಇಲ್ಲ’ ಎಂಬ ಉತ್ತರ ಆ ಸಂಜೆಯೇ ತೋಟಕ್ಕೆ ತಲುಪಿ, ಬೀಜ ಬದಲಾಯಿಸಿ ಎಂಬ ಸಲಹೆಯಾಗಿ, ಹಣ ಖರ್ಚು ಮಾಡಿಸುತ್ತಿತ್ತು.

ಹುರುಳಿ ಯಾವ ರಕ್ತವನ್ನು ಹಿಡಿಯುತ್ತದೆ

ಇಲ್ಲಿ ಹುರುಳಿಯದೇ ಒಂದು ವಿಶೇಷ ಗುಣ ಇದೆ. ನಮ್ಮ ಮನೆಯ ಸಾರಿನ ಕಾಳಿಗೆ ರಕ್ತನಿಧಿಗಳಲ್ಲಿ ದೊಡ್ಡ ಹೆಸರು. 1951ರಲ್ಲಿ ಜಿ.ಡಬ್ಲ್ಯು.ಜಿ. ಬರ್ಡ್ ಎಂಬ ವೈದ್ಯ ಹುರುಳಿ ಸಾರ ಮನುಷ್ಯನ ರಕ್ತಗಳಲ್ಲಿ ಆಯ್ದು ಗುಂಪುಗಟ್ಟಿಸುತ್ತದೆ ಎಂದು ಪ್ರಕಟಿಸಿದ. ಪ್ರಕಟವಾದದ್ದು ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ. ಎ ಗುಂಪಿನೊಳಗೆ ಎ1 ಮತ್ತು ಎ2 ಎಂಬ ಉಪಗುಂಪುಗಳಾಗಿ ವಿಂಗಡಿಸಲು ಪ್ರಯೋಗಾಲಯಗಳು ಇಂದಿಗೂ ಬಳಸುವುದು ಹದವಾಗಿ ತೆಳುಮಾಡಿದ ಹುರುಳಿ ಲೆಕ್ಟಿನ್ನನ್ನೇ.

ಕಾರಣ ಸರಳ. ಹುರುಳಿ ಬೀಜದ ಲೆಕ್ಟಿನ್ ಹಿಡಿಯುವುದು ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಎಂಬ ಸಕ್ಕರೆಯನ್ನು. ಎ ಗುಂಪಿನ ಕಣಗಳ ಮೈಮೇಲಿನ ಸಕ್ಕರೆ ಸರಪಣಿಯ ತುದಿಯಲ್ಲಿ ಇರುವುದು ಅದೇ. ಬಿ ಗುಂಪಿನಲ್ಲಿ ಆ ಜಾಗದಲ್ಲಿ ಗ್ಯಾಲಕ್ಟೋಸ್ ಇರುತ್ತದೆ. ಒ ಗುಂಪಿನಲ್ಲಿ ಎರಡೂ ಇಲ್ಲ. ತಂಡ ಬಳಸಿದ್ದು ಒ ಗುಂಪಿನ ರಕ್ತ! ಹಿಡಿಯಲು ಏನೂ ಇಲ್ಲದ ಕಡೆ ಲೆಕ್ಟಿನ್ ಹಿಡಿಯಲಿಲ್ಲ, ಅಷ್ಟೆ. ಮೊದಲ ಸಲ ಕಂಡ ಹರಡುವಿಕೆ ಸಿಪ್ಪೆಯ ಟ್ಯಾನಿನ್ ಕೆಲಸ.

ಎ ಗುಂಪಿನ ಇಬ್ಬರು ಸಿಕ್ಕರು. ಒಬ್ಬರ ರಕ್ತದಲ್ಲಿ ಸಾಲಿನ ಉದ್ದಕ್ಕೂ ಕಣಗಳು ಹರಡಿ ನಿಂತವು, ಇನ್ನೊಬ್ಬರದರಲ್ಲಿ ಬೇಗ ಬೊಟ್ಟಿಗೆ ತಿರುಗಿತು. ಎ ಗುಂಪಿನವರೆಲ್ಲರ ಕಣದ ಮೇಲೂ ಆ ಸಕ್ಕರೆ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಹಾಗಾಗಿ ಮುಂದಿನ ಎಲ್ಲ ಅಳತೆಯೂ ಮೊದಲನೆಯ ದಾನಿಯ ರಕ್ತದಲ್ಲೇ ಆಗಬೇಕು, ಪ್ಲೇಟಿನ ಒಂದು ಸಾಲು ಯಾವಾಗಲೂ ಒ ಗುಂಪಿಗೆ ಮೀಸಲಿರಬೇಕು ಎಂದು ತೀರ್ಮಾನಿಸಿದೆವು. ಒ ಸಾಲಿನಲ್ಲಿ ಹರಡಿದರೆ ಟ್ಯಾನಿನ್ ನುಸುಳಿದೆ ಎಂದರ್ಥ. ಎ ಸಾಲಿನ ಒಂದು ಕುಳಿಗೆ ಎನ್-ಅಸಿಟೈಲ್ ಗ್ಯಾಲಕ್ಟೋಸಮೈನ್ ಚಿಟಿಕೆಯಷ್ಟು ಹಾಕಿದಾಗ ಹರಡುವಿಕೆ ನಿಂತು ಬೊಟ್ಟು ಮೂಡಿತು. ದುಬಾರಿ ಸಕ್ಕರೆ ಅದು, ಆದರೆ ಈ ಒಂದು ಕುಳಿ ಇಲ್ಲದೆ ಕಂಡದ್ದು ಲೆಕ್ಟಿನ್ನೇ ಎಂದು ಹೇಳಲು ಬರುವುದಿಲ್ಲ.

ಈಗ ಹಳೆಯ ಬೀಜಕ್ಕೂ ಹೊಸ ಬೀಜಕ್ಕೂ ವ್ಯತ್ಯಾಸ ಸಿಗಲಿಲ್ಲ. ಲೆಕ್ಟಿನ್ ಒಣಬೀಜದಲ್ಲಿ ಗಟ್ಟಿಮುಟ್ಟಾಗಿ ಕೂರುವ ಪ್ರೋಟೀನು. ಮಡಕೆಯಲ್ಲಿ ಕಳೆದ ಕಾಲ ಅದನ್ನು ಅಲುಗಿಸಿರಲಿಲ್ಲ. ಹಳೆಯ ಬೀಜದ ಮೊಳಕೆ ನಿಧಾನವಿತ್ತು, ಹುಟ್ಟದ ಕಾಳೂ ಹೆಚ್ಚಿದ್ದವು, ಅದು ನಿಜ. ಆದರೆ ಬೀಜದ ಕಸುವು ಕುಗ್ಗಿದ್ದಕ್ಕೂ ಲೆಕ್ಟಿನ್‌ಗೂ ನಮ್ಮ ಅಳತೆಯಲ್ಲಿ ಸಂಬಂಧ ಕಾಣಲಿಲ್ಲ.

ಸಸಿ ಬೆಳೆದಂತೆ

ಪ್ರಾಜೆಕ್ಟ್ ಇಲ್ಲಿಗೆ ಮುಗಿಯಬಹುದಿತ್ತು. ಅವಳು ಬಿಡಲಿಲ್ಲ. ಬೀಜದಲ್ಲಿರುವ ಲೆಕ್ಟಿನ್ ಸಸಿಯಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಮರಳಿನಲ್ಲಿ ಹುರುಳಿ ಬೆಳೆಸಿ, ಬೀಜದಳ, ಕಾಂಡ, ಎಲೆ, ಬೇರು ಬೇರೆಬೇರೆ ಮಾಡಿ ಅರೆದು ಅಳೆದರು. ಬೀಜ ನೆನೆಸಿದ ನೀರನ್ನೂ ಎಸೆಯದೆ ಅಳೆದರು. ಅದರಲ್ಲೂ ಎ ಕಣಗಳು ಸ್ವಲ್ಪ ಹರಡಿದವು. ಬೀಜ ನೀರು ಹೀರುವಾಗ ಒಂದಿಷ್ಟು ಲೆಕ್ಟಿನ್ ಹೊರಗಿನ ಮಣ್ಣಿಗೂ ಸೋರುತ್ತದೆ. ಬೀಜದಳದಲ್ಲಿ ಮೊದಲು ಬಲವಾಗಿದ್ದದ್ದು, ದಳ ಸುಕ್ಕುಗಟ್ಟಿ ಹಳದಿಯಾಗುವ ಹೊತ್ತಿಗೆ ಕರಗುತ್ತ ಬಂತು. ಬೇರಿನಲ್ಲಿ ಮಾತ್ರ ಯಾವ ವಯಸ್ಸಿನಲ್ಲೂ ಬೊಟ್ಟೇ.

ಒಬ್ಬ ಸಹಪಾಠಿ ಬೀಜದಳಗಳನ್ನು ಎಳೆಯದರಲ್ಲೇ ಕತ್ತರಿಸಿ ಬೆಳೆಸಿ ನೋಡಿದ. ಸಸಿಗಳು ಗಿಡ್ಡವಾದವು. ‘ಲೆಕ್ಟಿನ್ ಇಲ್ಲದೆ ಬೆಳವಣಿಗೆ ಕುಂಠಿತ’ ಎಂದು ಕರಡಿನಲ್ಲಿ ಬರೆದ. ಆ ಸಾಲನ್ನು ಹೊಡೆದುಹಾಕಿಸಿದೆ. ಬೀಜದಳದ ಜತೆ ಪಿಷ್ಟ, ಉಳಿದ ಪ್ರೋಟೀನು, ಖನಿಜ ಎಲ್ಲವೂ ಹೋಗಿದೆ. ಗಿಡ್ಡವಾದದ್ದನ್ನು ಅವುಗಳಲ್ಲಿ ಒಂದರ ತಲೆಗೆ ಕಟ್ಟಲು ಬರುವುದಿಲ್ಲ.

ಹಾಗಾದರೆ ಸಸಿಗೆ ಲೆಕ್ಟಿನ್ ಯಾಕೆ ಬೇಕು? ಬೀಜದ ಲೆಕ್ಟಿನ್ ಬೀಜದಳದ ಜೀವಕೋಶಗಳಲ್ಲಿ ಉಳಿದ ಸಂಗ್ರಹ ಪ್ರೋಟೀನುಗಳ ಜತೆಗೇ ಇರುತ್ತದೆ, ಸಸಿ ತಲೆ ಎತ್ತಿದಾಗ ಅವುಗಳ ಜತೆಗೇ ಕರಗಿ ಸಾರಜನಕವಾಗಿ ಬಳಕೆಯಾಗುತ್ತದೆ. ಅಲ್ಲಿಯವರೆಗೆ ಕಾವಲಿನ ಕೆಲಸವನ್ನೂ ಮಾಡುತ್ತದೆ. ಹಸಿ ಕಾಳು ತಿಂದ ಹುಳದ, ಪ್ರಾಣಿಯ ಕರುಳಿಗೆ ಅಂಟಿಕೊಳ್ಳುವ ಗುಣ ಹಲವು ಕಾಳುಗಳ ಲೆಕ್ಟಿನ್‌ಗೆ ಇದೆ (ಚೆನ್ನಾಗಿ ಬೇಯಿಸಿದರೆ ಆ ಗುಣ ಹೋಗುತ್ತದೆ, ನಮ್ಮ ಹುರುಳಿಸಾರಿಗೆ ಯಾರೂ ಹೆದರಬೇಕಿಲ್ಲ). ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ವಿಜ್ಞಾನಿಗಳು 2006ರಲ್ಲಿ ಹುರುಳಿ ಬೀಜದ ಲೆಕ್ಟಿನ್‌ಗೆ ಲೈಪಾಕ್ಸಿಜನೇಸ್ ಎಂಬ ಕಿಣ್ವದ ಗುಣವೂ ಇದೆ ಎಂದು ತೋರಿಸಿದರು. ಗಿಡಗಳ ರಕ್ಷಣೆಯಲ್ಲಿ ಪಾತ್ರ ವಹಿಸುವ ಕಿಣ್ವ ಅದು. ಒಂದೇ ಪ್ರೋಟೀನು ಎರಡು ಕೆಲಸ ಮಾಡುತ್ತದೆ ಎಂಬುದು, ಅದೂ ನಮ್ಮ ಪಕ್ಕದ ಜಿಲ್ಲೆಯಲ್ಲೇ ಗೊತ್ತಾದದ್ದು, ಮಕ್ಕಳಿಗೆ ಬಹಳ ಹಿಡಿಸಿತು.

ಬೇರಿನ ಬೊಟ್ಟಿನ ವಿಷಯ ಬೇರೆ. ಬೇರಿನಲ್ಲಿ ಲೆಕ್ಟಿನ್ ಇಲ್ಲ ಎಂದು ಅದರಿಂದ ಬರೆಯುವಂತಿಲ್ಲ. ಹುರುಳಿಯ ಮೇಲೆ ದಶಕಗಟ್ಟಲೆ ಕೆಲಸ ಮಾಡಿದವರು ಅಮೆರಿಕದ ಮರಿಲಿನ್ ಎಟ್ಜ್ಲರ್. ಹುರುಳಿಯ ಕಾಂಡ ಮತ್ತು ಎಲೆಗಳಲ್ಲಿ ಡಿಬಿ58 ಎಂಬ ಬೇರೆಯೇ ಲೆಕ್ಟಿನ್ ಇದೆ, ಬೇರೆ ಜೀನಿನಿಂದ ತಯಾರಾಗುವುದು. ಬೇರಿನಲ್ಲಿ ಇನ್ನೊಂದು, ಡಿಬಿ46. ಈ ಬೇರಿನ ಲೆಕ್ಟಿನ್ ಬೀಜದ್ದರ ವಂಶದ್ದೇ ಅಲ್ಲ ಎಂದು 1999ರಲ್ಲಿ ಅವರ ತಂಡ ಪ್ರಕಟಿಸಿತು. ಅದು ಹಿಡಿಯುವುದು ರೈಜೋಬಿಯಂ ಸ್ರವಿಸುವ ನಾಡ್ ಫ್ಯಾಕ್ಟರ್ ಎಂಬ ಸಂಕೇತದ ಅಣುಗಳನ್ನು, ಅಂದರೆ ಕೈಟಿನ್ ಎಂಬ ಸಕ್ಕರೆ ಸರಪಣಿಯ ತುಣುಕಿಗೆ ಕೊಬ್ಬಿನ ಬಾಲ ಅಂಟಿಕೊಂಡ ಸಕ್ಕರೆಗಳನ್ನು. ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಅಣುವನ್ನು ಒಡೆಯುವ ಸಾಮರ್ಥ್ಯವೂ ಅದಕ್ಕಿದೆ. ಅದನ್ನೇ ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯ (ಆಂಟಿಬಾಡಿ) ಹಚ್ಚಿದ ಬೇರಿಗೆ ಗಂಟು ಕಟ್ಟುವ ಸಾಮರ್ಥ್ಯ ಕುಗ್ಗಿತು. ಆಮೇಲೆ, 2003ರಲ್ಲಿ, ನಾಡ್ ಫ್ಯಾಕ್ಟರನ್ನು ಗುರುತಿಸುವ ಬೇರೆ ಗ್ರಾಹಕ (ರಿಸೆಪ್ಟರ್) ಪ್ರೋಟೀನುಗಳೂ ಲೋಟಸ್ ಎಂಬ ದ್ವಿದಳ ಗಿಡದಲ್ಲಿ ಸಿಕ್ಕವು. ಹೀಗೆ ಸಕ್ಕರೆ ಹಿಡಿಯುವ ಪ್ರೋಟೀನಿಗೂ ಬೇರುಗಂಟಿಗೂ ನಂಟು ಇರುವುದು ಖಂಡಿತ. ಆದರೆ ಹುರುಳಿಯಲ್ಲಿ ಆ ನಂಟು ತೋರಿಸಿಕೊಟ್ಟದ್ದು ಬೇರಿನ ಲೆಕ್ಟಿನ್, ಮಡಕೆಯ ಬೀಜದಲ್ಲಿ ನಾವು ಅಳೆಯುತ್ತಿದ್ದದ್ದು ಇನ್ನೊಂದು. ರಕ್ತಕಣದ ಪರೀಕ್ಷೆಗೆ ಬೇರಿನದು ಕಾಣದಿರುವುದರಲ್ಲಿ ಆಶ್ಚರ್ಯವಿಲ್ಲ.

ತಿರುವು ಸಿಕ್ಕಿದ್ದು ತೋಟದಲ್ಲಿ

ಇಷ್ಟಾದರೂ ತಂದೆಯ ಪ್ರಶ್ನೆಗೆ ಉತ್ತರ ಇರಲಿಲ್ಲ. ತೋಟಕ್ಕೇ ಹೋಗಿ ನೋಡಿದೆ. ಗಂಟಿಲ್ಲದ ಆ ಹುರುಳಿ ದಟ್ಟ ಹಸಿರಾಗಿತ್ತು, ಅಗಲ ಎಲೆ ಬಿಟ್ಟು ಬಳ್ಳಿ ಬಳ್ಳಿಯಾಗಿ ಹಬ್ಬಿತ್ತು. ನಮ್ಮೆಲ್ಲರ ಗಮನ ಬೇರಿನ ಮೇಲೇ ಇದ್ದುದರಿಂದ ಎಲೆಯ ಬಣ್ಣವನ್ನು ಯಾರೂ ಟಿಪ್ಪಣಿ ಮಾಡಿರಲಿಲ್ಲ. ಸಾರಜನಕ ಸಿಗದ ಗಿಡ ಹಳದಿ ತಿರುಗುತ್ತದೆ. ಗಂಟೂ ಇಲ್ಲ, ಹಳದಿಯೂ ಇಲ್ಲ ಎಂದರೆ ಗಿಡಕ್ಕೆ ಸಾರಜನಕ ಬೇರೆ ಕಡೆಯಿಂದ ಸಿಗುತ್ತಿದೆ.

ತಂದೆಯನ್ನು ಕೇಳಿದಾಗ ಹಿನ್ನೆಲೆ ಒಂದೊಂದಾಗಿ ಬಂತು. ಬೋರ್‌ವೆಲ್ ನೀರು ಚೆನ್ನಾಗಿದ್ದ ವರ್ಷಗಳಲ್ಲಿ ಅದೇ ಪಟ್ಟೆಯಲ್ಲಿ ಟೊಮ್ಯಾಟೊ, ಮೆಣಸಿನಕಾಯಿ ಹಾಕಿದ್ದರು. ಬೆಳೆಗೊಮ್ಮೆ ಕೋಳಿಗೊಬ್ಬರ, ಮೇಲೆ ಯೂರಿಯಾ. ತೆಂಗಿನ ಬುಡಕ್ಕೆ ಕೊಡುವುದು ಬೇರೆ. ಮಣ್ಣು ಪರೀಕ್ಷೆ ಮಾಡಿಸಿದಾಗ ಲಭ್ಯ ಸಾರಜನಕ ‘ಹೆಚ್ಚು’ ಎಂಬ ಸಾಲಿನಲ್ಲಿ ಬಂತು. ನಮ್ಮ ಮಣ್ಣು ಪ್ರಯೋಗಾಲಯಗಳ ಲೆಕ್ಕದಲ್ಲಿ ಹೆಕ್ಟೇರಿಗೆ 280 ಕಿಲೋಗಿಂತ ಕೆಳಗೆ ಕಡಿಮೆ, 560 ದಾಟಿದರೆ ಹೆಚ್ಚು. ಅರಸೀಕೆರೆಯ ಕೆಂಪು ಮಳೆಯಾಶ್ರಿತ ಹೊಲಗಳಲ್ಲಿ ‘ಹೆಚ್ಚು’ ಕಾಣುವುದು ಅಪರೂಪ.

ಮಣ್ಣಿನಲ್ಲಿ ನೈಟ್ರೇಟ್, ಅಂದರೆ ಬೇರು ನೇರವಾಗಿ ಹೀರಬಲ್ಲ ರೂಪದ ಸಾರಜನಕ, ತುಂಬಿದ್ದರೆ ದ್ವಿದಳ ಗಿಡ ತಾನೇ ಗಂಟನ್ನು ತಡೆಯುತ್ತದೆ. ಗಂಟು ಸಾಕುವುದು ಗಿಡಕ್ಕೆ ಖರ್ಚಿನ ಬಾಬ್ತು, ಎಲೆಯಲ್ಲಿ ತಯಾರಾದ ಸಕ್ಕರೆಯ ಒಳ್ಳೆಯ ಪಾಲು ಬ್ಯಾಕ್ಟೀರಿಯಾಕ್ಕೆ ಹೋಗುತ್ತದೆ. ಇದು ಪಠ್ಯದ ಮಾತು. ಈ ತೋಟದ ವಿಷಯದಲ್ಲಿ ಅದೇ ನಿಜವೇ ಎಂದು ಕುಂಡದಲ್ಲಿ ನೋಡಬೇಕಿತ್ತು.

ಬೀಜ ಎಲ್ಲದಕ್ಕೂ ಆ ಹಳೆಯ ಮಡಕೆಯದೇ. ತೋಟದ ಮಣ್ಣಿನ ಕುಂಡ. ಪಕ್ಕದ ಹಳೇ ಹುರುಳಿ ಹೊಲದ ಮಣ್ಣಿನ ಕುಂಡ. ಹೊಲದ ಮಣ್ಣಿಗೆ ಯೂರಿಯಾ ನೀರು ಹಾಕಿದ ಕುಂಡ. ತೋಟದ ಮಣ್ಣಿಗೆ ಚೆನ್ನಾಗಿ ತೊಳೆದ ಮರಳನ್ನು ಧಾರಾಳವಾಗಿ ಬೆರೆಸಿದ ಕುಂಡ. ಕೊನೆಯದನ್ನು ಸೇರಿಸಲು ಹೇಳಿದ್ದು ಸಸ್ಯಶಾಸ್ತ್ರದ ಸಹೋದ್ಯೋಗಿ, ಮತ್ತು ಅದೇ ನಿರ್ಣಾಯಕವಾಯಿತು. ಮರಳು ಬೆರೆಸಿದರೆ ಸಾರಜನಕ ತೆಳುವಾಗುತ್ತದೆ, ತೋಟದ ಮಣ್ಣಿನ ಬ್ಯಾಕ್ಟೀರಿಯಾ ಮಾತ್ರ ಉಳಿಯುತ್ತದೆ. ಆ ಕುಂಡದಲ್ಲಿ ಗಂಟು ಬಂದರೆ ರೈಜೋಬಿಯಂ ಇಲ್ಲ ಎಂಬ ಅನುಮಾನವೂ ಹೋಗುತ್ತದೆ, ಬೀಜದ ಮೇಲಿನ ಅನುಮಾನವೂ ಹೋಗುತ್ತದೆ.

ಹೂ ಬರುವ ಮುಂಚೆ ಕುಂಡಗಳನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಮಣ್ಣು ಬಿಡಿಸಿದರು. ಹೊಲದ ಮಣ್ಣಿನ ಬೇರಿನ ತುಂಬ ಗಂಟು. ಬ್ಲೇಡಿನಿಂದ ಸೀಳಿದರೆ ಒಳಗೆ ಗುಲಾಬಿ ಕೆಂಪು, ಆಮ್ಲಜನಕ ಹಿಡಿದಿಡುವ ಲೆಗ್‌ಹಿಮೋಗ್ಲೋಬಿನ್ ಎಂಬ ಪ್ರೋಟೀನಿನ ಬಣ್ಣ. ಅಂದರೆ ಗಂಟು ಕೆಲಸ ಮಾಡುತ್ತಿದೆ. ಅದೇ ಮಣ್ಣಿಗೆ ಯೂರಿಯಾ ಕುಡಿಸಿದ ಕುಂಡದಲ್ಲಿ ಗಂಟು ವಿರಳ, ಸೀಳಿದರೆ ಒಳಗೆ ಬೆಳ್ಳಗೆ. ತೋಟದ ಮಣ್ಣಿನ ಬೇರು ತಂದೆ ಕಿತ್ತು ತೋರಿಸಿದ ಹಾಗೆಯೇ ನುಣ್ಣಗೆ. ಮರಳು ಬೆರೆಸಿದ ಕುಂಡದ ಗಿಡ ಸೊರಗಿತ್ತು, ಎಲೆ ತಿಳಿ ಹಸಿರು, ಆದರೆ ಬೇರಿನಲ್ಲಿ ಗಂಟು ಎದ್ದಿದ್ದವು, ಸೀಳಿದಾಗ ಗುಲಾಬಿಯೇ ಕಂಡಿತು. ಹುರುಳಿಗೆ ಗಂಟು ಕಟ್ಟಿಸುವುದು ಅಲಸಂದೆ ಗುಂಪಿನ ಬ್ರಾಡಿರೈಜೋಬಿಯಂ, ನಮ್ಮ ಮಣ್ಣುಗಳಲ್ಲಿ ವ್ಯಾಪಕವಾಗಿ ಇರುವಂಥದ್ದು. ತೋಟದಲ್ಲೂ ಇತ್ತು.

ತಂದೆಗೆ ಏನು ಹೇಳಿದೆವು

ಬೀಜ ಬದಲಿಸಬೇಕಿಲ್ಲ, ರೈಜೋಬಿಯಂ ಪೊಟ್ಟಣ ತರಬೇಕಿಲ್ಲ ಎಂದು. ಹಳೆಯ ಬೀಜದ ಮೊಳಕೆ ಕಡಿಮೆ ಇರುವುದರಿಂದ ಸ್ವಲ್ಪ ಹೆಚ್ಚಿಗೆ ಚೆಲ್ಲುವುದು ಒಳ್ಳೆಯದು. ಆ ಪಟ್ಟೆಗೆ ಯೂರಿಯಾ, ಕೋಳಿಗೊಬ್ಬರ ನಿಲ್ಲಿಸಬೇಕು. ಗಂಟಿಲ್ಲದ ಹುರುಳಿಯೂ ವ್ಯರ್ಥವಲ್ಲ ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕಾಯಿತು. ಗಾಳಿಯಿಂದ ಹೊಸ ಸಾರಜನಕ ತರದಿದ್ದರೂ, ಮಳೆಗೆ ತೊಳೆದುಹೋಗಬಹುದಾದ ನೈಟ್ರೇಟನ್ನು ಅದು ಹೀರಿಟ್ಟುಕೊಂಡಿದೆ, ಉತ್ತಾಗ ಮತ್ತೆ ತೆಂಗಿಗೆ ಕೊಡುತ್ತದೆ. ಅವರು ಒಂದು ಪಟ್ಟೆಗೆ ಮಾತ್ರ ಗೊಬ್ಬರ ನಿಲ್ಲಿಸಿ ನೋಡುತ್ತೇನೆ ಎಂದರು. ಮುಂದಿನ ಹಂಗಾಮಿನಲ್ಲಿ ಗಂಟು ಹೆಚ್ಚಾಗಿದೆ ಎಂದು ಮಗಳ ಮೂಲಕ ತಿಳಿಸಿದರು. ತೋಟದ ತುಂಬ ಸಮನಾಗಿ ಇನ್ನೂ ಬಂದಿಲ್ಲ.

ವಿದ್ಯಾರ್ಥಿನಿಯ ವರದಿಯ ತಲೆಬರಹದಿಂದ ‘ಲೆಕ್ಟಿನ್ ಕೊರತೆ’ ಎಂಬ ಮಾತು ಹೋಯಿತು. ಊಹೆ ನಿಲ್ಲದಿದ್ದರೂ ಅಂಕ ಕಡಿಮೆಯಾಗಲಿಲ್ಲ ಎಂಬುದು ನನಗೆ ಸಮಾಧಾನ. ಸಾಮಾನ್ಯವಾಗಿ ಮಕ್ಕಳು ಊಹೆಯನ್ನು ಉಳಿಸಿಕೊಳ್ಳಲು ಅಳತೆಯನ್ನು ಬಗ್ಗಿಸುತ್ತಾರೆ, ಹಾಗೆ ಮಾಡುವಂತೆ ನಮ್ಮ ಮೌಲ್ಯಮಾಪನವೇ ಅವರನ್ನು ತಳ್ಳುತ್ತದೆ. ಪ್ರಾಜೆಕ್ಟ್ ಮಾಡಿಸುವ ಅಧ್ಯಾಪಕರು ಇದರ ಬಗ್ಗೆ ಗಟ್ಟಿಯಾಗಿ ಮಾತಾಡಬೇಕು.

ಇದನ್ನು ಬೇರೆ ಕಾಳುಗಳಲ್ಲಿ ಮಾಡಲು ಹೊರಡುವವರಿಗೆ ಒಂದು ಸೂಚನೆ. ಹುರುಳಿಗೆ ಎ ರಕ್ತ ಬೇಕಾಯಿತೆಂದು ಎಲ್ಲಕ್ಕೂ ಅದನ್ನೇ ಹಾಕಬೇಡಿ. ಅವರೆಯಲ್ಲಿ ಮ್ಯಾನೋಸ್ ಮತ್ತು ಗ್ಲೂಕೋಸ್ ಹಿಡಿಯುವ ಲೆಕ್ಟಿನ್ ಇದೆ, ಗ್ಯಾಲಕ್ಟೋಸ್ ಹಿಡಿಯುವುದೂ ಇದೆ. ಕತ್ತಿ ಅವರೆಯ ಕಾಂಕಾನವಲಿನ್-ಎ ಮ್ಯಾನೋಸ್, ಗ್ಲೂಕೋಸ್ ಹಿಡಿಯುತ್ತದೆ, ಅದಕ್ಕೆ ಕ್ಯಾಲ್ಸಿಯಂ ಮತ್ತು ಮ್ಯಾಂಗನೀಸ್ ಇಲ್ಲದೆ ಕೆಲಸ ಮಾಡಲಾಗದು. ಶೇಂಗಾದ್ದು ಗ್ಯಾಲಕ್ಟೋಸ್ ಕಡೆಗೆ. ಅದರ ರಚನೆಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ವಿಜಯನ್ ಮತ್ತು ಎ. ಸುರೋಲಿಯಾ ಅವರ ತಂಡ 1994ರಲ್ಲಿ ಪ್ರಕಟಿಸಿತು. ಕಾಳು ಬದಲಾದರೆ ಸಕ್ಕರೆ ಬದಲು, ಸಕ್ಕರೆ ಬದಲಾದರೆ ಪರೀಕ್ಷೆಯ ರಕ್ತ ಬದಲು. ಸಿಪ್ಪೆ ಸುಲಿಯಿರಿ, ಲೆಕ್ಟಿನ್ ಇದೆಯೆಂದು ಮೊದಲೇ ಗೊತ್ತಿರುವ ಬೀಜ ಒಂದನ್ನು ಪ್ರತಿ ಪ್ಲೇಟಿನಲ್ಲೂ ಇಡಿ, ತಡೆಯುವ ಸಕ್ಕರೆಯ ಒಂದು ಕುಳಿಯನ್ನು ಖರ್ಚು ನೋಡಿ ಕೈಬಿಡಬೇಡಿ. ಬೇರಿನ ಲೆಕ್ಟಿನ್ ಬಗ್ಗೆ ಮಾತಾಡಬೇಕಿದ್ದರೆ ಈ ಪ್ಲೇಟು ಸಾಲದು, ಪ್ರತಿಕಾಯ ಬೇಕು. ಅದಕ್ಕೆ ದೊಡ್ಡ ಪ್ರಯೋಗಾಲಯದ ನೆರವು ಕೇಳಬೇಕಾಗುತ್ತದೆ. ಆ ವಿದ್ಯಾರ್ಥಿನಿ ಈಗ ಸ್ನಾತಕೋತ್ತರ ಪದವಿಗೆ ಅದನ್ನೇ ವಿಷಯವಾಗಿ ಕೇಳಿಕೊಂಡಿದ್ದಾಳೆ.